ಲಗ್ನಪತ್ರಿಕೆಗಳಿದ್ದ ಕಂಪ್ಯೂಟರ್: ಫಾರ್ಮ್ಯಾಟ್ ಮಾಡದೆ ವಿಂಡೋಸ್ ಮರುಸ್ಥಾಪಿಸಿದ ಒಂದು ಪ್ರಕರಣ

ಇದು ಕೊಪ್ಪಳದ ಒಂದು ಡಿಟಿಪಿ ಅಂಗಡಿಯ ಪ್ರಕರಣ. ಅಂಗಡಿಯ ಹೆಸರು, ಓಣಿ, ಜನರ ಹೆಸರುಗಳನ್ನು ಹೇಳುವುದಿಲ್ಲ. ಗುರುತು ಹತ್ತಬಹುದಾದ ಕೆಲವು ಸಣ್ಣ ವಿವರಗಳನ್ನು ಬದಲಿಸಿದ್ದೇನೆ, ತಾಂತ್ರಿಕ ಸಂಗತಿಗಳನ್ನು ಮಾತ್ರ ಇದ್ದಂತೆಯೇ ಇಟ್ಟಿದ್ದೇನೆ. ಅಂಗಡಿಯ ಯಜಮಾನರನ್ನು ಮಾಲೀಕರು ಎಂದೂ, ಕೀಲಿಮಣೆಯ ಮುಂದೆ ಕೂರುವ ಹೆಣ್ಣುಮಗಳನ್ನು ಆಪರೇಟರ್ ಎಂದೂ ಕರೆಯುತ್ತೇನೆ.

ಹಿನ್ನೆಲೆ

ಅಂಗಡಿಯಲ್ಲಿ ಎರಡು ಕಂಪ್ಯೂಟರ್‌ಗಳಿವೆ. ಮೊದಲನೆಯದರಲ್ಲಿ ಲಗ್ನಪತ್ರಿಕೆ, ರಸೀದಿ ಪುಸ್ತಕ, ಕರಪತ್ರ, ಫ್ಲೆಕ್ಸ್ ವಿನ್ಯಾಸಗಳೆಲ್ಲ ತಯಾರಾಗುತ್ತವೆ. ಎರಡನೆಯದು ಜೆರಾಕ್ಸ್ ಮಗ್ಗುಲಲ್ಲಿ ಕೂತು ಅರ್ಜಿ, ಬಯೋಡೇಟಾ ಟೈಪಿಸುವುದಕ್ಕೆ ಸಾಕಾಗುತ್ತದೆ. ಮೊದಲನೆಯದು ಇಂಟೆಲ್‌ನ ನಾಲ್ಕನೇ ಪೀಳಿಗೆಯ ಐ3 ಯಂತ್ರ. ಅದರಲ್ಲಿ 500 ಜಿಬಿಯ ಹಾರ್ಡ್ ಡಿಸ್ಕ್, ವಿಂಡೋಸ್ 10, ವಿನ್ಯಾಸ ಮಾಡುವ ಕೋರೆಲ್‌ಡ್ರಾದ ಹಳೆಯ ಆವೃತ್ತಿ ಮತ್ತು ಕನ್ನಡ ಟೈಪಿಸುವ ನುಡಿ ತಂತ್ರಾಂಶ ಇದ್ದವು. ಕೋರೆಲ್‌ಡ್ರಾ ಸ್ಥಾಪಿಸಿದ ಸಿ.ಡಿ. ಎಲ್ಲಿದೆ ಎಂದು ಕೇಳಿದರೆ ಮಾಲೀಕರು ಅಟ್ಟದ ಕಡೆ ನೋಡುತ್ತಾರೆ.

ವರ್ಷದ ದೊಡ್ಡ ಸುಗ್ಗಿ ಗವಿಮಠದ ಜಾತ್ರೆ. ಪುಷ್ಯ ಮಾಸದ ಆ ಜಾತ್ರೆಗೆ ಮುಂಚಿನ ವಾರಗಳಲ್ಲಿ ಸ್ವಾಗತ ಕೋರುವ ಬ್ಯಾನರ್‌ಗಳ ಬೇಡಿಕೆ ಎಷ್ಟಿರುತ್ತದೆಂದರೆ, ಊರಿನ ಯಾವ ಡಿಟಿಪಿ ಅಂಗಡಿಯಲ್ಲೂ ಹೊತ್ತಿಗೆ ಸರಿಯಾಗಿ ಊಟ ಮಾಡುವವರಿರುವುದಿಲ್ಲ. ಕಂಪ್ಯೂಟರ್ ಕೈಕೊಟ್ಟದ್ದು ಆ ಹೊತ್ತಿನಲ್ಲೇ.

ಇನ್ನೊಂದು ಹಿಂದಿನ ಕಥೆಯನ್ನೂ ಇಲ್ಲೇ ಹೇಳಬೇಕು, ಮುಂದಿನ ನಿರ್ಧಾರಗಳೆಲ್ಲ ಅದಕ್ಕೆ ತಳುಕು ಹಾಕಿಕೊಂಡಿವೆ. ಎರಡನೆಯ ಕಂಪ್ಯೂಟರನ್ನು ಹಿಂದೊಮ್ಮೆ ಯಾರೋ ರಿಪೇರಿಯವರು ಫಾರ್ಮ್ಯಾಟ್ ಮಾಡಿದ್ದರು, ಅಂದರೆ ಡ್ರೈವ್ ಅಳಿಸಿ ವಿಂಡೋಸನ್ನು ಹೊಸದಾಗಿ ಹಾಕಿದ್ದರು. ‘ಸಿ ಮಾತ್ರ ಹೋಗುತ್ತದೆ, ಡಿ ಡ್ರೈವ್ ಹಾಗೇ ಇರುತ್ತದೆ’ ಎಂದಿದ್ದರು. ಅವರ ಮಾತು ಸುಳ್ಳಾಗಲಿಲ್ಲ, ಡಿ ಡ್ರೈವ್ ಹಾಗೇ ಇತ್ತು. ಆದರೆ ಅದರಲ್ಲಿದ್ದ ಹಳೆಯ ಲಗ್ನಪತ್ರಿಕೆಗಳನ್ನು ತೆರೆದರೆ ವಧುವಿನ ಹೆಸರಿನ ಜಾಗದಲ್ಲಿ ಪೌಂಡ್ ಗುರುತು, ತಲೆಯ ಮೇಲೆ ಗೀರು ಹೊತ್ತ ರೋಮನ್ ಅಕ್ಷರಗಳು, ಅಲ್ಲಲ್ಲಿ ಚೌಕಗಳು. ಫೈಲುಗಳು ಕೆಟ್ಟುಹೋಗಿವೆ ಎಂದು ಮಾಲೀಕರು ನಂಬಿದರು, ರಿಪೇರಿಯವರೂ ಹಾಗೇ ಹೇಳಿದರು. ಅಂದಿನಿಂದ ಫಾರ್ಮ್ಯಾಟ್ ಎಂಬ ಮಾತು ಕಿವಿಗೆ ಬಿದ್ದರೆ ಮಾಲೀಕರ ಮುಖ ಬಿಗಿಯುತ್ತದೆ.

ತೊಂದರೆ

ಒಂದು ಸಂಜೆ ಕರೆಂಟ್ ಹೋಯಿತು. ಯುಪಿಎಸ್ ಬ್ಯಾಟರಿ ಎಂದೋ ಸತ್ತಿತ್ತು. ಮರುದಿನ ವಿಂಡೋಸ್ ಏಳುವುದಕ್ಕೆ ಬಹಳ ಹೊತ್ತು ತೆಗೆದುಕೊಂಡಿತು. ಎದ್ದ ಮೇಲೆ ಸ್ಟಾರ್ಟ್ ಮೆನು ತೆರೆಯಲಿಲ್ಲ. ಕೋರೆಲ್‌ಡ್ರಾ ತೆರೆಯುತ್ತಿತ್ತು, ಪ್ರಿಂಟ್ ಕೊಟ್ಟ ಕೂಡಲೇ ಮುಚ್ಚಿಕೊಳ್ಳುತ್ತಿತ್ತು. ನಡುನಡುವೆ ನೀಲಿ ಪರದೆ ಬರುತ್ತಿತ್ತು.

ನಾನು ಹೋಗುವ ಹೊತ್ತಿಗೆ ಎರಡು ಸಲಹೆಗಳು ಬಂದಾಗಿತ್ತು. ಒಂದು, ಸಿ ಡ್ರೈವ್ ಫಾರ್ಮ್ಯಾಟ್ ಮಾಡಿ. ಇನ್ನೊಂದು, ಮಾಲೀಕರ ಸಂಬಂಧಿಯೊಬ್ಬರದು: ವಿಂಡೋಸ್‌ನಲ್ಲೇ ‘ರೀಸೆಟ್’ ಎಂಬ ಸೌಲಭ್ಯವಿದೆ, ಅದರಲ್ಲಿ ‘ನನ್ನ ಫೈಲುಗಳನ್ನು ಉಳಿಸು’ ಎಂಬುದನ್ನು ಒತ್ತಿದರೆ ಎಲ್ಲವೂ ಉಳಿಯುತ್ತದೆ. ಅವರು ವಿಂಡೋಸ್ ತುಂಬಿದ ಪೆನ್‌ಡ್ರೈವ್ ಒಂದನ್ನೂ ಕೊಟ್ಟು ಹೋಗಿದ್ದರು.

‘ಎಲ್ಲವೂ’ ಎಂದರೆ ಏನೇನು ಎಂದು ಯಾರೂ ಕೇಳಿರಲಿಲ್ಲ. ರೀಸೆಟ್‌ನ ಆ ಆಯ್ಕೆ ಫೋಟೊ, ದಾಖಲೆಗಳನ್ನು ಉಳಿಸುತ್ತದೆ, ಅದು ನಿಜ. ಆದರೆ ನಾವು ಹಾಕಿಕೊಂಡ ತಂತ್ರಾಂಶಗಳನ್ನೂ ಅವುಗಳ ಸೆಟ್ಟಿಂಗ್‌ಗಳನ್ನೂ ಅಳಿಸುತ್ತದೆ. ಅಳಿಸಿದ ತಂತ್ರಾಂಶಗಳ ಪಟ್ಟಿಯೊಂದನ್ನು ಡೆಸ್ಕ್‌ಟಾಪ್ ಮೇಲೆ ಇಟ್ಟುಹೋಗುವ ಸೌಜನ್ಯ ಅದಕ್ಕಿದೆ. ಸಿ.ಡಿ. ಕಳೆದುಹೋದ ಕೋರೆಲ್‌ಡ್ರಾ ಆ ಪಟ್ಟಿಯಲ್ಲಿ ಒಂದು ಸಾಲಾಗಿ ಉಳಿಯುತ್ತಿತ್ತು, ಅಷ್ಟೇ.

ಕೇಳುವುದನ್ನು ಬಿಟ್ಟು ನೋಡಿದ್ದು

‘ಏನೇನು ಉಳಿಯಬೇಕು?’ ಎಂದು ಮಾಲೀಕರನ್ನು ಕೇಳಿದರೆ ‘ಲಗ್ನಪತ್ರಿಕೆ ಫೋಲ್ಡರ್ ಉಳಿದರೆ ಸಾಕು ಮಾಸ್ತರೇ’ ಎಂದರು. ಆ ಉತ್ತರವನ್ನು ನಂಬಿ ಕೆಲಸ ಶುರು ಮಾಡಿದ್ದರೆ ಈ ಪ್ರಕರಣ ಬೇರೆಯಾಗುತ್ತಿತ್ತು. ಜನ ತಮ್ಮ ಕಂಪ್ಯೂಟರಿನಲ್ಲಿ ಏನಿದೆ ಎಂದು ಹೇಳುವಾಗ ತಾವು ಹೆಸರಿಟ್ಟು ಉಳಿಸಿದ್ದನ್ನು ಮಾತ್ರ ಹೇಳುತ್ತಾರೆ. ಒಮ್ಮೆ ಹೊಂದಿಸಿ ಮರೆತದ್ದು ಅವರ ಬಾಯಿಗೆ ಬರುವುದೇ ಇಲ್ಲ.

ಆದ್ದರಿಂದ ಆಪರೇಟರ್ ಪಕ್ಕ ಕುರ್ಚಿ ಎಳೆದುಕೊಂಡು, ಆಗಾಗ ನಿಲ್ಲುತ್ತಿದ್ದ ಆ ಯಂತ್ರದಲ್ಲೇ ಒಂದು ಲಗ್ನಪತ್ರಿಕೆಯನ್ನು ಮೊದಲಿನಿಂದ ಕೊನೆಯವರೆಗೆ ಮಾಡಲು ಹೇಳಿದೆ. ಗಣಪತಿಯ ಚಿತ್ರ, ಬಳ್ಳಿಯ ಅಂಚು ಬಂದದ್ದು ಡಿ ಡ್ರೈವ್‌ನಿಂದ. ವರನ ಕಡೆಯವರು ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದ ಹೆಸರುಗಳ ಪಟ್ಟಿ ಡೌನ್‌ಲೋಡ್ಸ್‌ನಲ್ಲಿತ್ತು. ಆ ವಾರದ ಅರ್ಧಂಬರ್ಧ ಕೆಲಸಗಳೆಲ್ಲ ಡೆಸ್ಕ್‌ಟಾಪ್ ಮೇಲೆ, ಅಂದರೆ ಫಾರ್ಮ್ಯಾಟ್ ಆದರೆ ಹೋಗುವ ಸಿ ಡ್ರೈವ್‌ನಲ್ಲಿ. ಕೋರೆಲ್‌ಡ್ರಾದಲ್ಲಿ ಆಕೆ ಮೌಸ್ ಮುಟ್ಟುವುದು ಅಪರೂಪ, ವರ್ಷಗಳಿಂದ ತನಗೆ ಬೇಕಾದ ಹಾಗೆ ಹೊಂದಿಸಿಕೊಂಡ ಶಾರ್ಟ್‌ಕಟ್ ಕೀಲಿಗಳಲ್ಲೇ ಕೆಲಸ ಓಡುತ್ತದೆ. ಪ್ರಿಂಟರ್‌ನಲ್ಲಿ ಮೂರು ವಿಶೇಷ ಕಾಗದದ ಅಳತೆಗಳು. ಉದ್ರಿ ಲೆಕ್ಕ ಒಂದು ಎಕ್ಸೆಲ್ ಹಾಳೆಯಲ್ಲಿ. ಫ್ಲೆಕ್ಸ್ ಮುದ್ರಿಸುವವರಿಗೆ ಫೈಲ್ ಕಳಿಸುವ ಮಿಂಚಂಚೆಯ ಪಾಸ್‌ವರ್ಡ್ ಕ್ರೋಮ್ ಬ್ರೌಸರ್‌ನ ನೆನಪಿನಲ್ಲಿ ಮಾತ್ರ. ‘ನಿನಗೆ ನೆನಪಿದೆಯೇನು ತಂಗಿ?’ ಎಂದು ಮಾಲೀಕರು ಕೇಳಿದರೆ ‘ನೀವೇ ಹಾಕಿದ್ದಲ್ಲವೇ ಕಾಕಾ’ ಎಂದಳು.

ಎಲ್ಲಕ್ಕಿಂತ ಮುಖ್ಯವಾದದ್ದು ಫಾಂಟ್‌ಗಳು. ಪ್ರತಿ ಭಾಷೆಯ ಅಕ್ಷರಗಳಿಗೂ ಬೇರೆಯದೇ ಸಂಕೇತ ಕೊಡುವ ಯುನಿಕೋಡ್ ಪದ್ಧತಿಯದಲ್ಲದ ಹಳೆಯ ನುಡಿ ಫಾಂಟ್‌ಗಳಲ್ಲಿ ಟೈಪಿಸಿದ ಕನ್ನಡ, ಕಂಪ್ಯೂಟರಿನ ಲೆಕ್ಕಕ್ಕೆ ಕನ್ನಡವೇ ಅಲ್ಲ. ಫೈಲಿನೊಳಗೆ ಇರುವುದು ರೋಮನ್ ಸಂಕೇತಗಳು. ಅವಕ್ಕೆ ಕನ್ನಡದ ರೂಪ ಕೊಡುವುದು ಫಾಂಟ್. ಫಾಂಟ್ ಇಲ್ಲದ ಯಂತ್ರದಲ್ಲಿ ತೆರೆದರೆ ಒಳಗಿರುವುದು ಹಾಗೇ ಹೊರಗೆ ಕಾಣುತ್ತದೆ. ಅದರ ಮೇಲೆ ಕೋರೆಲ್‌ಡ್ರಾ ‘ಈ ಫಾಂಟ್ ಸಿಗಲಿಲ್ಲ, ಬೇರೆಯದನ್ನು ಹಾಕಲೇ?’ ಎಂದು ಕೇಳಿದಾಗ ಶಾಶ್ವತ ಬದಲಾವಣೆಗೆ ಒಪ್ಪಿ ಫೈಲನ್ನು ಉಳಿಸಿಬಿಟ್ಟರೆ ಯಾವ ಫಾಂಟ್ ಇತ್ತೆಂಬ ಗುರುತೂ ಅಳಿಯುತ್ತದೆ. ಎರಡನೆಯ ಕಂಪ್ಯೂಟರಿನ ‘ಕೆಟ್ಟ’ ಫೈಲುಗಳ ಬಗ್ಗೆ ನನಗೆ ಅನುಮಾನ ಹುಟ್ಟಿದ್ದು ಇಲ್ಲೇ.

ಡಿಸ್ಕ್ ಮೊದಲು

ಯಾವ ದುರಸ್ತಿಗೂ ಕೈಹಾಕುವ ಮುಂಚೆ ಹಾರ್ಡ್ ಡಿಸ್ಕ್‌ನ ಆರೋಗ್ಯ ನೋಡಿದೆವು. ಪ್ರತಿ ಡಿಸ್ಕ್ ತನ್ನ ಸ್ಥಿತಿಯನ್ನು ತಾನೇ ದಾಖಲಿಸಿಕೊಳ್ಳುತ್ತದೆ. ಸ್ಮಾರ್ಟ್ ಎಂಬ ಆ ದಾಖಲೆಯನ್ನು ತೋರಿಸುವ ಉಚಿತ ತಂತ್ರಾಂಶಗಳಿವೆ. ಓದಲು ಒಪ್ಪದೆ ತೀರ್ಮಾನಕ್ಕಾಗಿ ಕಾಯುತ್ತಿರುವ ಸೆಕ್ಟರ್‌ಗಳ, ಅಂದರೆ ಡಿಸ್ಕ್‌ನ ಪುಟ್ಟ ತುಣುಕುಗಳ, ಸಂಖ್ಯೆ ಸೊನ್ನೆ ಇರಬೇಕಿತ್ತು. ಇರಲಿಲ್ಲ.

ಇದು ಪ್ರಕರಣದ ಮೊದಲ ತಿರುವು. ಸಾಯುತ್ತಿರುವ ಡಿಸ್ಕ್ ಮೇಲೆ ವಿಂಡೋಸನ್ನು ಎಷ್ಟು ಚೆನ್ನಾಗಿ ಮರುಸ್ಥಾಪಿಸಿದರೂ ಪ್ರಯೋಜನವಿಲ್ಲ. ಮರುಸ್ಥಾಪನೆ ಎಂದರೆ ಗಿಗಾಬೈಟ್‌ಗಟ್ಟಲೆ ಬರೆಯುವ ಕೆಲಸ. ಆ ಹೊಡೆತಕ್ಕೆ ಡಿಸ್ಕ್ ಪೂರ್ತಿ ಕೈಬಿಟ್ಟರೆ ಸಿ ಜೊತೆಗೆ ಡಿ ಕೂಡ ಹೋಗುತ್ತದೆ. ಸಿ ಮತ್ತು ಡಿ ಬೇರೆ ಬೇರೆ ಪೆಟ್ಟಿಗೆಗಳಲ್ಲ, ಒಂದೇ ತಟ್ಟೆಯ ಮೇಲೆ ಎಳೆದ ಗೆರೆಗಳು ಎಂಬುದನ್ನು ಮಾಲೀಕರಿಗೆ ತಿಳಿಸಲು ಸ್ವಲ್ಪ ಹೊತ್ತು ಹಿಡಿಯಿತು. ಅವರ ಇಷ್ಟು ವರ್ಷಗಳ ಧೈರ್ಯ ಆ ಡಿ ಮೇಲೆ ನಿಂತಿತ್ತು.

ಜಾತ್ರೆಯ ಕೆಲಸ ತಲೆಯ ಮೇಲಿತ್ತು. ಆದರೂ ಹಾರ್ಡ್ ಡಿಸ್ಕ್‌ನ ಜಾಗಕ್ಕೆ ಹೊಸ ಎಸ್‌ಎಸ್‌ಡಿ, ಅಂದರೆ ತಿರುಗುವ ತಟ್ಟೆ ಇಲ್ಲದ ಡಿಸ್ಕ್, ತರಲು ಮಾಲೀಕರು ಒಪ್ಪಿದರು. ಕಂಪ್ಯೂಟರ್ ಬಿಡಿಭಾಗಗಳ ಅಂಗಡಿಯವರು ಮೊದಲು ತೋರಿಸಿದ್ದು 480 ಜಿಬಿಯದು, ಬೆಲೆಯೂ ಕಡಿಮೆ. ಹಳೆಯ ಡಿಸ್ಕನ್ನು ಇದ್ದಂತೆಯೇ ನಕಲು ಮಾಡಬೇಕಾದರೆ ಹೊಸದು ಅಷ್ಟೇ ದೊಡ್ಡದಾಗಿರಬೇಕು, ಇಲ್ಲವೇ ಮೊದಲು ವಿಭಾಗಗಳನ್ನು ಕುಗ್ಗಿಸಬೇಕು. ರೋಗ ಹಿಡಿದ ಡಿಸ್ಕ್‌ನಲ್ಲಿ ವಿಭಾಗ ಕುಗ್ಗಿಸುವ ಸಾಹಸ ಬೇಡವೆಂದು 500 ಜಿಬಿಯದನ್ನೇ ತರಿಸಿದೆವು.

ನಕಲು ಮಾಡಿದ್ದು ವಿಂಡೋಸ್ ಒಳಗಿನಿಂದ ಅಲ್ಲ. ವಿಂಡೋಸ್‌ನಂಥದೇ ಇನ್ನೊಂದು ಕಾರ್ಯಾಚರಣಾ ವ್ಯವಸ್ಥೆಯಾದ ಲಿನಕ್ಸನ್ನು ಪೆನ್‌ಡ್ರೈವ್‌ನಿಂದ ಎಬ್ಬಿಸಿ ಡಿಡಿರೆಸ್ಕ್ಯೂ ಎಂಬ ಉಪಕರಣದಿಂದ. ಅದು ಮೊದಲು ಸುಲಭವಾಗಿ ಓದಬಲ್ಲ ಭಾಗಗಳನ್ನೆಲ್ಲ ಎತ್ತಿಕೊಂಡು, ಹಟಮಾರಿ ಭಾಗಗಳನ್ನು ಕೊನೆಗೆ ಇಟ್ಟುಕೊಂಡು ಮತ್ತೆ ಮತ್ತೆ ಪ್ರಯತ್ನಿಸುತ್ತದೆ; ಎಲ್ಲಿಯವರೆಗೆ ಬಂದಿದೆ ಎಂಬುದನ್ನು ಒಂದು ಫೈಲಿನಲ್ಲಿ ಬರೆದುಕೊಳ್ಳುವುದರಿಂದ ನಡುವೆ ಕರೆಂಟ್ ಹೋದರೂ ಅಲ್ಲಿಂದಲೇ ಮುಂದುವರಿಸಬಹುದು. ಇದರಲ್ಲಿ ಮೂಲ ಯಾವುದು, ಗುರಿ ಯಾವುದು ಎಂಬುದು ಅದಲುಬದಲಾದರೆ ಖಾಲಿ ಡಿಸ್ಕ್ ತುಂಬಿದ ಡಿಸ್ಕ್ ಮೇಲೆ ನಕಲಾಗುತ್ತದೆ, ಆಮೇಲೆ ಅತ್ತು ಫಲವಿಲ್ಲ. ಎರಡರ ತಯಾರಿಕಾ ಸಂಖ್ಯೆಯನ್ನೂ ಚೀಟಿಯಲ್ಲಿ ಬರೆದು, ಆಪರೇಟರ್ ಗಟ್ಟಿಯಾಗಿ ಓದಿದ ಮೇಲೆಯೇ ಎಂಟರ್ ಒತ್ತಿದ್ದು. ಓದಲಾಗದೆ ಉಳಿದದ್ದು ಅತ್ಯಲ್ಪ. ಎರಡು ಹಳೆಯ ಫೋಟೊಗಳು ಕೊನೆಗೂ ತೆರೆಯಲಿಲ್ಲ. ವಿಂಡೋಸ್‌ನ ಕೆಲವು ಫೈಲುಗಳೂ ಆ ಜಾಗದಲ್ಲಿದ್ದಿರಬೇಕು.

ಹಳೆಯ ಡಿಸ್ಕನ್ನು ಬಿಚ್ಚಿ, ದಿನಾಂಕ ಬರೆದ ಲಕೋಟೆಗೆ ಹಾಕಿ ಮಾಲೀಕರ ಕೈಗೆ ಕೊಟ್ಟೆ. ಇನ್ನು ಮುಂದೆ ಏನೇ ತಪ್ಪಿದರೂ ಹಿಂತಿರುಗಲು ಒಂದು ದಾರಿ ಇತ್ತು.

ಬದಲಿ ಗಂಟು, ಅದರ ಪರೀಕ್ಷೆ

ನಕಲು ಇದ್ದರೂ ಇನ್ನೊಂದು ಗಂಟು ಕಟ್ಟಿಕೊಂಡೆವು: ಹೊಸದಾಗಿ ವಿಂಡೋಸ್ ಹಾಕುವ ಪರಿಸ್ಥಿತಿ ಬಂದರೆ ಬೇಕಾಗುವ ಸಾಮಾನು. ಡೆಸ್ಕ್‌ಟಾಪ್, ಡೌನ್‌ಲೋಡ್ಸ್, ಶಾರ್ಟ್‌ಕಟ್‌ಗಳೆಲ್ಲ ಇರುವ ಕೋರೆಲ್‌ಡ್ರಾದ ಕಾರ್ಯಕ್ಷೇತ್ರವನ್ನು ಅದರಿಂದಲೇ ರಫ್ತು ಮಾಡಿದ ಫೈಲು, ಪ್ರಿಂಟರ್ ಸೆಟ್ಟಿಂಗ್‌ಗಳ ಮೊಬೈಲ್ ಫೋಟೊಗಳು, ವಿಂಡೋಸ್ ಫೋಲ್ಡರಿನೊಳಗಿನ ಫಾಂಟ್‌ಗಳು. ಕ್ರೋಮ್‌ನ ಫೋಲ್ಡರನ್ನು ಸುಮ್ಮನೆ ಎತ್ತಿಟ್ಟುಕೊಂಡರೆ ಬುಕ್‌ಮಾರ್ಕ್ ಬರುತ್ತವೆ, ಪಾಸ್‌ವರ್ಡ್ ಬರುವುದಿಲ್ಲ. ಅವುಗಳ ಬೀಗದ ಕೀಲಿ ಆ ವಿಂಡೋಸ್ ಖಾತೆಗೆ ಅಂಟಿಕೊಂಡಿರುತ್ತದೆ. ಹಾಗಾಗಿ ಪಾಸ್‌ವರ್ಡ್‌ಗಳನ್ನು ಕ್ರೋಮ್‌ನಿಂದಲೇ ರಫ್ತು ಮಾಡಿದೆವು. ಆ ಫೈಲು ಯಾರು ಬೇಕಾದರೂ ಓದಬಹುದಾದ ಬರಿಯ ಪಠ್ಯ. ಕೆಲಸ ಮುಗಿದ ಮೇಲೆ ಅಳಿಸಲೇಬೇಕು.

ಈ ಗಂಟನ್ನು ಎರಡನೆಯ ಕಂಪ್ಯೂಟರಿನಲ್ಲಿ ಬಿಚ್ಚಿ ನೋಡಿದೆವು. ಬೇರೆ ಬೇರೆ ವರ್ಷಗಳ ಪತ್ರಿಕೆಗಳನ್ನು ಆಪರೇಟರ್ ಆರಿಸಿದಳು. ಬಹುತೇಕ ಸರಿಯಾಗಿ ತೆರೆದವು, ಇತ್ತೀಚಿನ ಕೆಲವು ತೆರೆಯಲಿಲ್ಲ. ಅದೇ ಪೌಂಡ್ ಗುರುತುಗಳು. ಹುಡುಕಿದಾಗ ಕಾರಣ ಸಿಕ್ಕಿತು. ವಿಂಡೋಸ್ 10ರ 2018ರ ಆವೃತ್ತಿಗಳಿಂದ ಈಚೆಗೆ ಫಾಂಟ್ ಒಂದನ್ನು ಎಲ್ಲ ಬಳಕೆದಾರರಿಗೂ ಹಾಕದೆ ಒಬ್ಬರಿಗೇ ಹಾಕಿದರೆ, ಅದು ವಿಂಡೋಸ್‌ನ ಫಾಂಟ್ಸ್ ಫೋಲ್ಡರಿಗೆ ಹೋಗದೆ ಆ ಬಳಕೆದಾರರ ಅಡಗಿದ ಆ್ಯಪ್‌ಡೇಟಾ ಫೋಲ್ಡರಿನ ಒಳಮನೆಗೆ ಹೋಗಿ ಕೂರುತ್ತದೆ. ಆಪರೇಟರ್ ಈಚೆಗೆ ತಾನೇ ಹಾಕಿಕೊಂಡ ಅಲಂಕಾರದ ಫಾಂಟ್‌ಗಳೆಲ್ಲ ಅಲ್ಲಿದ್ದವು. ಅವನ್ನೂ ಗಂಟಿಗೆ ಸೇರಿಸಿದ ಮೇಲೆ ಆರಿಸಿಕೊಂಡ ಪತ್ರಿಕೆಗಳೆಲ್ಲ ಕನ್ನಡದಲ್ಲಿ ಬಂದವು.

ಫಾಂಟ್‌ಗಳು ಕೂತ ಮೇಲೆ, ಅದೇ ಎರಡನೆಯ ಕಂಪ್ಯೂಟರಿನ ಡಿ ಡ್ರೈವ್‌ನಲ್ಲಿ ಸತ್ತವೆಂದು ಬಿಟ್ಟಿದ್ದ ಹಳೆಯ ಪತ್ರಿಕೆಗಳನ್ನೂ ತೆರೆದು ನೋಡಲು ಹೇಳಿದೆ. ತೆರೆದವು. ವಧುವಿನ ಹೆಸರು, ಮುಹೂರ್ತ, ‘ನಮ್ಮ ಅತ್ತೆ ಮದುವೆಗೆ ತಪ್ಪದೇ ಬನ್ನಿ’ ಎಂಬ ಮಕ್ಕಳ ಸಾಲು, ಎಲ್ಲವೂ ಇತ್ತು. ಯಾರೋ ಫಾಂಟ್ ಬದಲಿಗೆ ಒಪ್ಪಿ ಉಳಿಸಿದ್ದ ಕೆಲವು ಮಾತ್ರ ಹಾಗೇ ಉಳಿದವು. ಅವನ್ನು ಆಪರೇಟರ್ ಅಕ್ಷರಗಳನ್ನು ಆರಿಸಿ ಕೈಯಿಂದ ಫಾಂಟ್ ಕೊಟ್ಟು ಸರಿಪಡಿಸಿದಳು. ಮಾಲೀಕರು ಮಾತಾಡದೆ ಹೊರಗೆ ಹೋಗಿ ಎಲ್ಲರಿಗೂ ಚಹಾ ಹೇಳಿ ಬಂದರು.

ಮರುಸ್ಥಾಪನೆ

ಈಗ ಎಸ್‌ಎಸ್‌ಡಿ ಮೇಲಿನ ಕೆಟ್ಟ ವಿಂಡೋಸ್. ಮೊದಲು ಡಿಸ್ಕ್ ತಪಾಸಣೆಯ ಆದೇಶದಿಂದ ಕಡತ ವ್ಯವಸ್ಥೆಯನ್ನು ಸರಿಪಡಿಸಿದೆವು. ನಂತರ ವಿಂಡೋಸ್‌ನ ಫೈಲುಗಳನ್ನು ಪರೀಕ್ಷಿಸಿ ಸರಿಪಡಿಸುವ ಎಸ್‌ಎಫ್‌ಸಿ ಆದೇಶ ಓಡಿಸಿದೆವು. ಕೆಟ್ಟ ಫೈಲುಗಳು ಸಿಕ್ಕಿವೆ, ಎಲ್ಲವನ್ನೂ ಸರಿಪಡಿಸಲಾಗಲಿಲ್ಲ ಎಂದಿತು. ಆ ದುರಸ್ತಿಗೆ ಬೇಕಾದ ಪ್ರತಿಗಳನ್ನೇ ಸರಿಪಡಿಸುವ ಡಿಸ್ಮ್ ಆದೇಶ ಮೂಲ ಫೈಲುಗಳು ಸಿಗಲಿಲ್ಲ ಎಂದು ಕೈಚೆಲ್ಲಿತು. ಇವೆರಡೂ ಸೋತರೆ ಉಳಿದದ್ದು ಇದ್ದಲ್ಲೇ ಮರುಸ್ಥಾಪನೆ: ವಿಂಡೋಸ್ ಓಡುತ್ತಿರುವಾಗಲೇ ಸ್ಥಾಪನಾ ಫೈಲಿನಿಂದ ಸೆಟಪ್ ಶುರುಮಾಡಿ, ವ್ಯವಸ್ಥೆಯ ಫೈಲುಗಳನ್ನೆಲ್ಲ ಹೊಸದಾಗಿ ಹಾಕಿ, ಫೈಲು, ತಂತ್ರಾಂಶ, ಸೆಟ್ಟಿಂಗ್ ಮೂರನ್ನೂ ಉಳಿಸಿಕೊಳ್ಳುವ ದಾರಿ. ಪೆನ್‌ಡ್ರೈವ್‌ನಿಂದ ಕಂಪ್ಯೂಟರ್ ಎಬ್ಬಿಸಿದರೆ ಈ ದಾರಿ ಸಿಗುವುದಿಲ್ಲ. ಅಲ್ಲಿ ಫಾರ್ಮ್ಯಾಟ್ ಮಾಡದಿದ್ದರೂ ಹಳೆಯದೆಲ್ಲ ವಿಂಡೋಸ್ ಓಲ್ಡ್ ಎಂಬ ಫೋಲ್ಡರಿಗೆ ಸರಿಯುತ್ತದೆ, ತಂತ್ರಾಂಶಗಳು ಸ್ಥಾಪಿತವಾಗಿ ಉಳಿಯುವುದಿಲ್ಲ. ನೀಲಿ ಪರದೆ ಬರುತ್ತಿದ್ದರೂ ಈ ಯಂತ್ರ ಹೇಗೋ ಎದ್ದು ನಿಲ್ಲುತ್ತಿದ್ದದ್ದು ನಮ್ಮ ಪುಣ್ಯ.

ವಿಂಡೋಸ್ ಒಳಗಿನಿಂದಲೇ ಸಂಬಂಧಿಕರ ಪೆನ್‌ಡ್ರೈವ್‌ನಲ್ಲಿದ್ದ ಸೆಟಪ್ ನಡೆಸಿದಾಗ ‘ಏನನ್ನು ಉಳಿಸಿಕೊಳ್ಳಬೇಕು’ ಎಂಬ ಪರದೆಯಲ್ಲಿ ಮೂರು ಆಯ್ಕೆಗಳು ಬಂದವು. ಮೊದಲನೆಯದು, ಫೈಲು ಮತ್ತು ತಂತ್ರಾಂಶಗಳನ್ನು ಉಳಿಸುವುದು, ಮಂಕಾಗಿತ್ತು, ಒತ್ತಲು ಬರುತ್ತಿರಲಿಲ್ಲ. ‘ಫೈಲುಗಳನ್ನು ಮಾತ್ರ’ ಎಂಬುದು ಹೊಳೆಯುತ್ತಿತ್ತು.

ರಾತ್ರಿ ಆಗಿತ್ತು. ‘ಫೈಲ್ ಉಳಿಯುತ್ತವಲ್ಲ, ಒತ್ತಿಬಿಡಿ ಮಾಸ್ತರೇ’ ಎಂದರು ಮಾಲೀಕರು. ಅವರ ಮಾತಿನಲ್ಲಿ ತಪ್ಪೇನಿಲ್ಲ, ನಮ್ಮ ಗಂಟೂ ಸಿದ್ಧವಿತ್ತು. ಆದರೆ ಸಿ.ಡಿ. ಇಲ್ಲದ ಕೋರೆಲ್‌ಡ್ರಾ ಆ ಗಂಟಿನಲ್ಲಿ ಇರಲಿಲ್ಲ, ಇರಲು ಸಾಧ್ಯವೂ ಇರಲಿಲ್ಲ. ಸೆಟಪ್ ರದ್ದು ಮಾಡಿದೆವು. ಈ ಪ್ರಕರಣದಲ್ಲಿ ಅತ್ಯಂತ ಬೆಲೆಬಾಳಿದ್ದು ಆ ರದ್ದು ಗುಂಡಿ ಎಂದು ನನ್ನ ಅಭಿಪ್ರಾಯ.

ಆ ಆಯ್ಕೆ ಮಂಕಾಗುವುದಕ್ಕೆ ಕಾರಣಗಳು ಕೆಲವೇ. ಸ್ಥಾಪನಾ ಫೈಲು ಯಂತ್ರದಲ್ಲಿರುವುದಕ್ಕಿಂತ ಹಳೆಯ ಆವೃತ್ತಿಯದಾಗಿರಬಾರದು. ಹೋಮ್, ಪ್ರೊ ಎಂಬ ಬಗೆ ಹೊಂದಬೇಕು. 32 ಬಿಟ್, 64 ಬಿಟ್ ಹೊಂದಬೇಕು. ಮೂಲ ಭಾಷೆ ಹೊಂದಬೇಕು. ಇಲ್ಲಿ ಎಡವಿದ್ದು ಭಾಷೆ. ಪೆನ್‌ಡ್ರೈವ್‌ನಲ್ಲಿದ್ದದ್ದು ಇಂಗ್ಲಿಷ್ ಇಂಟರ್‌ನ್ಯಾಷನಲ್, ಯಂತ್ರದಲ್ಲಿದ್ದದ್ದು ಅಮೆರಿಕದ ಇಂಗ್ಲಿಷ್. ಪರದೆಯ ಮೇಲೆ ಎರಡೂ ಇಂಗ್ಲಿಷೇ, ಸೆಟಪ್‌ಗೆ ಮಾತ್ರ ಬೇರೆ ಬೇರೆ ಭಾಷೆಗಳು. ಯಂತ್ರದ ಮೂಲ ಭಾಷೆ ಯಾವುದೆಂದು ಡಿಸ್ಮ್‌ನ ಒಂದು ಆದೇಶದಿಂದ ತಿಳಿಯುತ್ತದೆ. ಪ್ರಾದೇಶಿಕ ಸೆಟ್ಟಿಂಗ್ ‘ಭಾರತ’ ಎಂದು ತೋರಿಸುವುದನ್ನು ನಂಬಬಾರದು. ಮೈಕ್ರೋಸಾಫ್ಟ್‌ನ ತಾಣದಿಂದ ಸರಿಯಾದ ಫೈಲನ್ನು ಇಳಿಸಿಕೊಳ್ಳಲು ಎರಡು ಮೊಬೈಲ್‌ಗಳ ಆ ದಿನದ ಡೇಟಾ ಪೂರ್ತಿ ಖರ್ಚಾಯಿತು.

ಮರುದಿನ ಆ್ಯಂಟಿವೈರಸ್ ತೆಗೆದು, ಸಿ ಡ್ರೈವ್‌ನಲ್ಲಿ ಜಾಗ ಮಾಡಿ, ಹೊಸ ಬ್ಯಾಟರಿ ಹಾಕಿದ ಯುಪಿಎಸ್‌ಗೆ ಜೋಡಿಸಿ ಮತ್ತೆ ಸೆಟಪ್ ಓಡಿಸಿದೆವು. ಈ ಸಲ ಮೊದಲ ಆಯ್ಕೆ ತಾನಾಗಿಯೇ ಗುರುತಾಗಿತ್ತು. ಕೆಲವು ಬಾರಿ ರೀಸ್ಟಾರ್ಟ್ ಆಗಿ ಎದ್ದ ಮೇಲೆ ಡೆಸ್ಕ್‌ಟಾಪ್ ಮೇಲಿನ ಅರ್ಧಂಬರ್ಧ ಕೆಲಸಗಳು ಇದ್ದ ಜಾಗದಲ್ಲೇ ಇದ್ದವು. ಸ್ಟಾರ್ಟ್ ಮೆನು ತೆರೆಯಿತು. ಕೋರೆಲ್‌ಡ್ರಾ ಅದೇ ಶಾರ್ಟ್‌ಕಟ್‌ಗಳೊಂದಿಗೆ ಬಂತು, ಪ್ರಿಂಟ್ ಕೊಟ್ಟರೆ ಮುಚ್ಚಿಕೊಳ್ಳಲಿಲ್ಲ. ಪರವಾನಗಿಯೂ ಉಳಿಯಿತು. ವಿಂಡೋಸ್‌ನ ಡಿಜಿಟಲ್ ಪರವಾನಗಿ ಮುಖ್ಯವಾಗಿ ಮದರ್‌ಬೋರ್ಡನ್ನು ನೋಡುವುದರಿಂದ ಡಿಸ್ಕ್ ಬದಲಾದದ್ದು ಅದಕ್ಕೆ ಅಡ್ಡಿಯಾಗಲಿಲ್ಲ.

ಉಳಿಯದೇ ಹೋದದ್ದೂ ಇದೆ. ಪ್ರಿಂಟರ್ ನಡೆಸಲು ವಿಂಡೋಸ್ ತನ್ನದೇ ಸಾಮಾನ್ಯ ಡ್ರೈವರ್ ತಂತ್ರಾಂಶ ಹಾಕಿಕೊಂಡಿತ್ತು, ಮೂರು ವಿಶೇಷ ಅಳತೆಗಳೂ ಮಾಯ. ತಯಾರಕರ ಡ್ರೈವರ್ ಹಾಕಿ, ಮೊಬೈಲ್ ಫೋಟೊ ನೋಡಿಕೊಂಡು ಮತ್ತೆ ತುಂಬಿಸಿದೆವು. ವಿಂಡೋಸನ್ನು ಹಿಂದಿನ ದಿನಾಂಕದ ಸ್ಥಿತಿಗೆ ಮರಳಿಸುವ ಹಳೆಯ ರಿಸ್ಟೋರ್ ಪಾಯಿಂಟ್‌ಗಳು ಅಳಿದಿದ್ದವು. ಹಾಗೆ ಆಗುವುದು ಸಹಜ, ಆ ಸೌಲಭ್ಯವನ್ನು ಮತ್ತೆ ಆನ್ ಮಾಡಬೇಕು. ಈ ದಾರಿಯಲ್ಲೂ ಹಿಂದಿನ ವಿಂಡೋಸ್ ಹೋಗಿ ಕೂರುವ ವಿಂಡೋಸ್ ಓಲ್ಡ್ ಫೋಲ್ಡರನ್ನು ಮುಟ್ಟಲಿಲ್ಲ. ಹಿಂದಿನ ಸ್ಥಿತಿಗೆ ಮರಳಲು ವಿಂಡೋಸ್ ಕೊಡುವ ಅವಧಿ 10 ದಿನ, ಆಮೇಲೆ ಅದು ತಾನೇ ತೆರವಾಗುತ್ತದೆ.

ಬೇರೆಯವರು ಇದರಿಂದ ಏನು ತೆಗೆದುಕೊಳ್ಳಬಹುದು

ಈ ದಾರಿ ಎಲ್ಲರಿಗೂ ಅಲ್ಲ. ವೈರಸ್ ಹೊಕ್ಕ ಯಂತ್ರಕ್ಕೆ ಇದು ಸಲ್ಲದು, ಉಳಿಸಿಕೊಳ್ಳುವ ತಂತ್ರಾಂಶಗಳ ಜೊತೆ ಅದೂ ಉಳಿಯಬಹುದು. ಬರಿಯ ಬ್ರೌಸರ್, ಫೋಟೊಗಳಷ್ಟೇ ಇರುವ ಮನೆಯ ಕಂಪ್ಯೂಟರಿಗೆ ಇಷ್ಟು ಸರ್ಕಸ್ ಬೇಕಿಲ್ಲ. ರೀಸೆಟ್ ಮಾಡಿ ಮುಂದೆ ಹೋಗಬಹುದು. ಡಿಸ್ಕ್‌ಗೆ ಬೀಗ ಹಾಕುವ ಬಿಟ್‌ಲಾಕರ್ ಇರುವ ಹೊಸ ಲ್ಯಾಪ್‌ಟಾಪ್‌ಗಳಲ್ಲಿ 48 ಅಂಕಿಗಳ ಮರುಪ್ರಾಪ್ತಿ ಕೀಲಿಯನ್ನು ಮೊದಲೇ ಬರೆದಿಟ್ಟುಕೊಳ್ಳದೆ ಯಾವುದಕ್ಕೂ ಕೈ ಹಾಕಬಾರದು. ಲೆಕ್ಕಪತ್ರದ ಟ್ಯಾಲಿ ತಂತ್ರಾಂಶ ಇರುವ ಅಂಗಡಿಗಳಲ್ಲಿ ಫಾರ್ಮ್ಯಾಟ್ ಮಾಡುವುದೇ ಆದರೆ ಮೊದಲು ಪರವಾನಗಿಯನ್ನು ಹಿಂದಿರುಗಿಸುವ ಕ್ರಮವಿದೆ, ಅದನ್ನು ಮರೆಯುವವರೇ ಹೆಚ್ಚು.

ಆದರೆ ವರ್ಷಗಟ್ಟಲೆ ಒಬ್ಬರೇ ದುಡಿದ ಯಂತ್ರದಲ್ಲಿ ಪ್ರಶ್ನೆಯನ್ನು ಫೈಲುಗಳಿಂದ ಶುರು ಮಾಡಬಾರದು ಎಂಬುದನ್ನು ಈ ಅಂಗಡಿ ಎರಡು ಸಲ ತೋರಿಸಿತು. ಒಂದು ಯಂತ್ರದಲ್ಲಿ ಫೈಲುಗಳೆಲ್ಲ ಇದ್ದೂ ಸತ್ತಂತಿದ್ದವು. ಇನ್ನೊಂದರಲ್ಲಿ ಫೈಲುಗಳನ್ನು ಉಳಿಸುವ ಗುಂಡಿ ಕೈಗೆಟುಕುವಂತಿದ್ದರೂ ಅದನ್ನು ಒತ್ತದೆ ಇದ್ದದ್ದರಿಂದ ಮರುದಿನ ಕೆಲಸ ನಡೆಯಿತು. ನಾಳೆ ಬೆಳಗ್ಗೆ ಈ ಕುರ್ಚಿಯಲ್ಲಿ ಕೂತವರು ಯಾವ ಕೆಲಸ ಮಾಡಬೇಕು ಎಂದು ಕೇಳಿ, ಅಲ್ಲಿಂದ ಹಿಂದಕ್ಕೆ ಲೆಕ್ಕ ಹಾಕಿಕೊಂಡು ಬಂದರೆ ಯಾವುದನ್ನು ಉಳಿಸಬೇಕು ಎಂಬುದು ತಿಳಿಯುತ್ತದೆ.

ಒಂದು ವಿಷಯದಲ್ಲಿ ನಾನೂ ಮಾಲೀಕರೂ ಇನ್ನೂ ಒಪ್ಪಂದಕ್ಕೆ ಬಂದಿಲ್ಲ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ನಾಲ್ಕನೇ ಪೀಳಿಗೆಯ ಪ್ರೊಸೆಸರ್ ವಿಂಡೋಸ್ 11ರ ಅಧಿಕೃತ ಪಟ್ಟಿಯಲ್ಲಿಲ್ಲ, ಇಂಟೆಲ್‌ನಲ್ಲಿ ಸಾಮಾನ್ಯವಾಗಿ ಎಂಟನೇ ಪೀಳಿಗೆಯಿಂದ ಈಚಿನವು ಬೇಕು. ಹೆಚ್ಚುವರಿ ಭದ್ರತಾ ನವೀಕರಣದ ಯೋಜನೆಗೆ ನೋಂದಾಯಿಸಿದ್ದೇವೆ, ಅದು ತಾತ್ಕಾಲಿಕ. ಹೊಸ ಯಂತ್ರ ಬಂದೇ ಬರುತ್ತದೆ, ಆಗ ಇದ್ದಲ್ಲೇ ಮರುಸ್ಥಾಪನೆಯ ದಾರಿ ಇರುವುದಿಲ್ಲ. ಅಷ್ಟರೊಳಗೆ ಮತ್ತೆ ಮತ್ತೆ ಬೇಕಾಗುವ ಮಾದರಿಗಳನ್ನಾದರೂ ಯುನಿಕೋಡ್‌ಗೆ ಬದಲಿಸಿಕೊಳ್ಳಿ ಎಂದು ನಾನು ಹೇಳುತ್ತೇನೆ. ಕೋರೆಲ್‌ಡ್ರಾದ ಈ ಹಳೆಯ ಆವೃತ್ತಿಯಲ್ಲಿ ಯುನಿಕೋಡ್ ಕನ್ನಡದ ಒತ್ತಕ್ಷರಗಳು ಚೆಲ್ಲಾಪಿಲ್ಲಿಯಾಗುತ್ತವೆ, ಲಗ್ನಪತ್ರಿಕೆಗೆ ಬೇಕಾದ ಅಲಂಕಾರದ ಫಾಂಟ್‌ಗಳೂ ಯುನಿಕೋಡ್‌ನಲ್ಲಿ ಕಡಿಮೆ ಎಂದು ಆಪರೇಟರ್ ಹೇಳುತ್ತಾಳೆ. ಅವಳ ಮಾತಿನಲ್ಲೂ ಹುರುಳಿದೆ. ಸದ್ಯಕ್ಕೆ ಪ್ರತಿ ಶನಿವಾರ ಸಂಜೆ ವಿಂಡೋಸ್ ಫೋಲ್ಡರು, ಆ್ಯಪ್‌ಡೇಟಾ ಎರಡೂ ಕಡೆಯ ಫಾಂಟ್‌ಗಳು, ಕಾರ್ಯಕ್ಷೇತ್ರದ ಫೈಲು, ಆ ವಾರದ ಕೆಲಸಗಳನ್ನು ಹೊರಗಿನ ಡಿಸ್ಕ್‌ಗೆ ಹಾಕಿ, ಅದರಲ್ಲಿ ಒಂದು ಪತ್ರಿಕೆಯನ್ನು ಎರಡನೆಯ ಕಂಪ್ಯೂಟರಿನಲ್ಲಿ ತೆರೆದು ನೋಡುತ್ತಾರೆ. ಯುನಿಕೋಡ್ ಮಾತು ಜಾತ್ರೆ ಮುಗಿದ ಮೇಲೆ ಎಂದಿದ್ದರು ಮಾಲೀಕರು. ಜಾತ್ರೆ ಮುಗಿಯಿತು, ಈಗ ಮದುವೆಯ ಹಂಗಾಮು ಎನ್ನುತ್ತಿದ್ದಾರೆ.